ಒಂದು ವೋಲ್ಟಿಗೆ ತುಸು ಕಡಿಮೆ

ಸುರತ್ಕಲ್ಲಿನ ಈ ಕೋಣೆಗೆ ಕಡಲು ಕಾಣಿಸುವುದಿಲ್ಲ,
ಬೀಗದ ತುಕ್ಕಿನಲ್ಲಿ ಮಾತ್ರ ಉಂಟು.
ಒಳಗೆ ಕುಲುಮೆ. ನಿಮಿಷಕ್ಕೆ ಒಂದೇ ಡಿಗ್ರಿ,
ಅವಸರ ಮಾಡಿದರೆ ಬಿಲ್ಲೆ ಬಿರಿಯುತ್ತದೆ.
ಎಂಟುನೂರು ಮುಟ್ಟಲು ಹದಿಮೂರು ಗಂಟೆ.
ಉಮರಬ್ಬ ಫ್ಲಾಸ್ಕಿನಲ್ಲಿ ಚಾ ತಂದಿದ್ದಾನೆ,
ಸಿಲಿಂಡರಿನ ಮೇಲೆ ಇಡಬೇಡ ಅಂದರೆ ಕೇಳುವವನಲ್ಲ.

ಬಿಲ್ಲೆ ಎಂದರೆ ಇಷ್ಟೇ:
ಹಳೆಯ ಎಂಟಾಣೆಯಗಲ,
ಕೋರಿರೊಟ್ಟಿಯ ಚೂರಿನಂತೆ ತೆಳು, ಅಷ್ಟೇ ಮುರುಕು.
ಒಂದು ಮೈಗೆ ನಿಕ್ಕಲಿನ ಹಸಿರು, ಇನ್ನೊಂದು ಕಪ್ಪು,
ನಡುವೆ ಬಿಳಿ ಜಿರ್ಕೋನಿಯಾ,
ಉಸಿರನ್ನು ಮಾತ್ರ ದಾಟಿಸುವ ಸುಂಕದ ಕಟ್ಟೆ.
ಈಚೆಯಿಂದ ಗಾಳಿ, ಆಚೆಯಿಂದ ಕಲ್ಲಿದ್ದಲ ಅನಿಲ.
ಒಂದರ ಮುಖ ಒಂದು ನೋಡದೆ
ಉರಿಯುತ್ತವೆ, ಜ್ವಾಲೆಯಿಲ್ಲ.
ತಂತಿಯಲ್ಲಿ ಹೊರಬರುವುದು
ಒಂದು ವೋಲ್ಟಿಗೆ ತುಸು ಕಡಿಮೆ.
ಗೋಡೆಯ ಗಡಿಯಾರಕ್ಕೂ ಸಾಲದು,
ಅದಕ್ಕೆ ಒಂದೂವರೆ ಬೇಕು.

ಪಣಂಬೂರಿಗೆ ಹಡಗು ಬಂದರೆ
ವ್ಯಾಗನ್ನುಗಳು ರಾತ್ರಿಯೆಲ್ಲ ಉತ್ತರಕ್ಕೆ ಹೋಗುತ್ತವೆ.
ಮೀಟರಿನ ಮುಳ್ಳು ನಡುಗಿದಾಗ
ಅದು ಬಿಲ್ಲೆಯ ಸುದ್ದಿಯೋ ರೈಲಿನದ್ದೋ
ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.
ಆ ಕಲ್ಲಿದ್ದಲು ಇಳಿಯುವ ಕಡೆ
ಬೆನೆಡಿಕ್ಟಾ ಮಾವ್ಶಿ ಮುಂಜಾನೆ ಮಲ್ಲಿಗೆ ಕೊಯ್ದು
ನಾಲ್ಕು ಚೆಂಡಿಗೊಂದು ಅಟ್ಟೆ ಕಟ್ಟಿ,
ಕೈ ತೊಳೆದ ನೀರನ್ನು
ಬಿಳಿ ಬೇಸಿನ್ನಿನಲ್ಲಿ ಹಾಗೇ ಇಟ್ಟು ತೋರಿಸುತ್ತಾಳೆ.
"ಹೂ ಮುಟ್ಟಿದ ಕೈ ಹೀಗಿರುತ್ತದೆಯಾ?"
ನಾನು ಚಿಮಣಿಯ ಕಡೆ ನೋಡದೆ ದೋಸೆ ತಿನ್ನುತ್ತೇನೆ.

ವರದಿಯಲ್ಲಿ 'ಶುದ್ಧ ಕಲ್ಲಿದ್ದಲು' ಎಂದು ಬರೆಯಬೇಕಿತ್ತು.
'ಕೊಳಕು ಕಡಿಮೆ' ಎಂದು ಬರೆದೆ.
ಮೇಡಂ ಕೆಂಪು ಪೆನ್ನಿನಲ್ಲಿ ಹೊಡೆದು
ಸ್ವಲ್ಪ ಹೊತ್ತು ಸುಮ್ಮನಿದ್ದು
'ಇನ್ನಷ್ಟು ಶುದ್ಧ' ಎಂದು ತಿದ್ದಿದರು.
ಆ 'ಇನ್ನಷ್ಟು' ಎಂಬ ಮೂರಕ್ಷರದಲ್ಲಿ
ನಮ್ಮಿಬ್ಬರ ಸಂಬಳವೂ ಉಂಟು.

ಹತ್ತೊಂಬತ್ತು ಬಿಲ್ಲೆ ಒಡೆದ ಮೇಲೆ
ಉಮರಬ್ಬನೇ ಹೇಳಿದ: ಬೋಳಾರದಲ್ಲಿ ಒಬ್ಬರಿದ್ದಾರೆ.
ಐತಪ್ಪ ಮೂಲ್ಯರು. ಹಂಚಿನ ಕಾರ್ಖಾನೆ ಮುಚ್ಚುವವರೆಗೆ
ಬೆಂದ ಹಂಚನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ
ಒಡಕು ಬೇರೆ ಗಟ್ಟಿ ಬೇರೆ ಮಾಡಿದವರು,
ಮೂವತ್ತೊಂದು ವರ್ಷ.
ಎಡಗಿವಿ ಹೋಗಿದೆ. ಬಲಗಿವಿ ಸಾಕು ಅಂದರು.

ಹತ್ತಿಯಲ್ಲಿ ಸುತ್ತಿ ಒಯ್ದದ್ದು ಆರು.
ಮಗುವಿನ ಹೊಸ ಹಲ್ಲು ಮುಟ್ಟಿದ ಹಾಗೆ
ಉಗುರಿನಲ್ಲಿ ಒಂದೊಂದೇ ತಟ್ಟಿದರು.
"ಇದು ಕೆಮ್ಮುತ್ತದೆ. ಇದೂ.
ಇದು ಎಂತದ್ದೂ ಹೇಳುತ್ತಿಲ್ಲ.
ಇದು... ಇದನ್ನು ಇಡು ಮಾರಾಯ್ತಿ."

ಇಟ್ಟೆ.
ಇನ್ನೂರ ಹನ್ನೊಂದು ಗಂಟೆ ನಡೆಯಿತು.
ಅಷ್ಟು ದಿನ ತಲೆಗೆ ನೀರು ಹಾಕಲಿಲ್ಲ, ಹರಕೆ ಹೊತ್ತವಳಂತೆ.
ಆಮೇಲೆ ಪರದೆಯ ಗೆರೆ ಇಳಿಯಿತು,
ಬಿದ್ದದ್ದಲ್ಲ, ಇಳಿದದ್ದು,
ಅಳಿವೆಯಲ್ಲಿ ನೀರು ಇಳಿದ ಹಾಗೆ.
ಆರಿಸಲು ಮತ್ತೆ ಹದಿಮೂರು ಗಂಟೆ.
ತೆಗೆದು ನೋಡಿದರೆ ಒಂದು ಬಿರುಕಿಲ್ಲ.
ನಿಕ್ಕಲಿನ ಮೇಲೆ ಗಂಧಕ.
ಸೋಸಿ ಸೋಸಿ ಬಿಟ್ಟ ಅನಿಲದಲ್ಲೂ
ಎಲ್ಲೋ ಒಂದು ಚಿಟಿಕೆ ಉಳಿದಿತ್ತು.

ಬೋಳಾರಕ್ಕೆ ಹೋಗಿ ಹೇಳಿದೆ.
ಸತ್ತ ಬಿಲ್ಲೆಯನ್ನು ಅವರು ಮತ್ತೆ ತಟ್ಟಿ
ಬಲಗಿವಿಗೆ ಹಿಡಿದರು.
ಮೊದಲಿನಷ್ಟೇ ಚೆಂದ ನುಡಿಯಿತು ಅದು.
"ಮಣ್ಣಿನ ತಪ್ಪಲ್ಲ" ಎಂದರು,
"ಸೌದೆಯದ್ದು.
ಉಪ್ಪುನೀರಲ್ಲಿ ನೆಂದ ದಿಮ್ಮಿಯನ್ನು
ನಮ್ಮ ಮೇಸ್ತ್ರಿ ಗೂಡಿನ ಹತ್ತಿರ ಬಿಡುತ್ತಿರಲಿಲ್ಲ."

ನಮಗೆ ಬೇರೆ ಸೌದೆ ಇಲ್ಲ ಅಂದೆ.
ಅವರು ಕೇಳಿಸದ ಕಿವಿಯನ್ನು
ನನ್ನ ಕಡೆ ತಿರುಗಿಸಿದರು.

ಈಗ ರಾತ್ರಿ ಮೂರು. ಇಪ್ಪತ್ತೆಂಟನೆಯ ಬಿಲ್ಲೆ.
ಆರುನೂರ ನಲವತ್ತು, ನಲವತ್ತೊಂದು.
ಸೋಸುವ ಸತುವಿನ ಪುಡಿ ಹೊಸತು ತುಂಬಿದೆ.
ದೂರದಲ್ಲಿ ವ್ಯಾಗನ್ನುಗಳು ಹೊರಟಿವೆ,
ಮುಳ್ಳು ನಡುಗುತ್ತದೆ,
ಉಮರಬ್ಬ ಏನೂ ಹೇಳಿಸಿಕೊಳ್ಳದೆ ಎದ್ದು
ಸಿಲಿಂಡರಿನ ಮೇಲಿನ ಫ್ಲಾಸ್ಕನ್ನು
ನೆಲಕ್ಕೆ ಇಡುತ್ತಾನೆ.